ಉತ್ತರಕ್ರಿಯೆ ಆದವನ ಪಟ ತೆಗೆಯಲು ಕೊಲಂಬೊಗೆ

ಬಂಟ್ವಾಳ ಪೇಟೆ

ಆ ದಿನ ನನ್ನ ಸ್ಟುಡಿಯೋದಲ್ಲಿ ನಾವು ನಾಲ್ಕು ಜನ ಇದ್ದೆವು. ಮುಂಡಾಜೆಯ ಕಲ್ಯಾಣಿಯಕ್ಕ, ಅವರ ತಮ್ಮ ದೇರಣ್ಣ, ಮೂಡಬಿದ್ರೆಯ ಶಿವರಾಮ ಭಟ್ಟರು, ಮತ್ತೆ ನಾನು. ಭಟ್ಟರಿಗೆ ಕೊಲಂಬೊದಲ್ಲಿ ಹೋಟೆಲು. ಮಗಳ ಮದುವೆಯೂ ಅಲ್ಲಿಯೇ ನಿಶ್ಚಯವಾಗಿತ್ತು. ಅಲ್ಲಿನ ಫೋಟೋದವರು ಊಟದ ಪಂಕ್ತಿಯನ್ನೆಲ್ಲ ತೆಗೆದು ಧಾರೆಯ ಹೊತ್ತಿಗೆ ಹೊರಗೆ ಬೀಡಿ ಸೇದುತ್ತಾರಂತೆ. ಅದಕ್ಕೆ ನಮ್ಮ ಕಡೆಯವನೇ ಬೇಕೆಂದು ನನ್ನನ್ನು ಕರೆಯಲು ಬಂದಿದ್ದರು. ನಾನು ಸಮುದ್ರವನ್ನು ಮಂಗಳೂರಿನ ದಡದಿಂದ ನೋಡಿದವನು, ದಾಟಿದವನಲ್ಲ. ಹೂಂ ಅನ್ನಲೋ ಬೇಡವೋ ಎಂದು ತೂಗುತ್ತಿದ್ದಾಗ ಕಲ್ಯಾಣಿಯಕ್ಕ ಸೆರಗಿನೊಳಗಿಂದ ಒಂದು ಪಟ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು.

ಕೋಟು ಹಾಕಿದ ಒಬ್ಬ ಹುಡುಗ, ಹೆಚ್ಚೆಂದರೆ ಇಪ್ಪತ್ತೆಂಟು ವರ್ಷದವನು, ಕುರ್ಚಿಯಲ್ಲಿ ಕೂತಿದ್ದ. ಎರಡು ಕೈ ಎರಡು ಮಂಡಿಯ ಮೇಲೆ. ಕಣ್ಣು ನೆಟ್ಟಗೆ.

"ಅಣ್ಣಾ, ನೋಡಿ ಹೇಳಿ," ಎಂದರು ಕಲ್ಯಾಣಿಯಕ್ಕ. "ಇವ ಜೀವ ಇದ್ದವನಾ, ಹೋದವನಾ?"

ಓದುವವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಘಟ್ಟದ ಬುಡದ ಊರುಗಳಲ್ಲಿ ಆಗ ಬದುಕಿರುವವರ ಪಟ ತೆಗೆಸುವ ರೂಢಿ ಇರಲಿಲ್ಲ. ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಹೆದರಿಕೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಬಂಟ್ವಾಳಕ್ಕೆ ಜನ ಓಡಿ ಬರುತ್ತಿದ್ದರು. ನಾನು ಕ್ಯಾಮರಾ ಹೊತ್ತುಕೊಂಡು ಹೋಗುತ್ತಿದ್ದೆ. ಸತ್ತವರನ್ನು ಮೀಯಿಸಿ, ಒಳ್ಳೆಯ ಬಟ್ಟೆ ಉಡಿಸಿ, ಕುರ್ಚಿಗೆ ಒರಗಿಸಿ, ಬೀಳದ ಹಾಗೆ ಸೊಂಟಕ್ಕೆ ಒಂದು ಶಾಲು ಕಟ್ಟಿ ಕೂರಿಸುತ್ತಿದ್ದರು. ಆಮೇಲೆ ನಾನು ಪಟದ ಮೇಲೆ ಸಣ್ಣ ಕುಂಚದಿಂದ ಕಣ್ಣು ಬಿಡಿಸಿ ಕೊಡುತ್ತಿದ್ದೆ. ಬೆಳ್ತಂಗಡಿಯಿಂದ ಕಕ್ಕಿಂಜೆಯವರೆಗೆ ಗೋಡೆಗಳಲ್ಲಿ ತೂಗುವ ಕಣ್ಣುಗಳಲ್ಲಿ ಹೆಚ್ಚಿನವು ನನ್ನವೇ. ಕಲ್ಯಾಣಿಯಕ್ಕನ ತಂದೆಯ ಕಣ್ಣೂ ನಾನೇ ಬರೆದದ್ದು.

ಕಲ್ಯಾಣಿಯಕ್ಕನ ಮಗ ಶೇಷಪ್ಪ ಹದಿನೈದರ ಪ್ರಾಯದಲ್ಲಿ ಮಾವ ದೇರಣ್ಣನ ಹತ್ತಿರ ಜಗಳ ಮಾಡಿ ಮನೆ ಬಿಟ್ಟವನು. ಸಿಲೋನಿಗೆ ಹೋದನೆಂದು ಯಾರೋ ಹೇಳಿದ್ದು ಬಿಟ್ಟರೆ ಸುದ್ದಿ ಇಲ್ಲ. ಹನ್ನೆರಡು ವರ್ಷದ ಮೇಲೆ ಅಂಚೆಯಲ್ಲಿ ಈ ಪಟ ಬಂತು. ಜೊತೆಗೆ ಕಾಗದ ಇಲ್ಲ, ಒಂದು ಅಕ್ಷರ ಇಲ್ಲ. ಮನೆಯವರು ಪಟವನ್ನು ಗೋಡೆಯ ಅಜ್ಜನ ಪಟದ ಪಕ್ಕದಲ್ಲಿ ಹಿಡಿದು ನೋಡಿದರು. ಅದೇ ಕುರ್ಚಿ, ಅದೇ ಕೈ, ಅದೇ ನೋಟ. ಊರಿನ ನಾಲ್ಕು ಜನರನ್ನು ಕರೆದು ಕೇಳಿದರು. ಇದು ಹೋದವನ ಪಟ ಎಂದು ಎಲ್ಲರೂ ಒಂದೇ ಮಾತು ಹೇಳಿದರು. ಹದಿಮೂರನೆಯ ದಿನ ದೇರಣ್ಣ ಅಳಿಯನ ಬೊಜ್ಜ ಮಾಡಿ ಮುಗಿಸಿದ. ಬೊಜ್ಜ ಎಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ಆ ದಿನ ಕಲ್ಯಾಣಿಯಕ್ಕ ಊಟಕ್ಕೆ ಕೂರಲಿಲ್ಲವಂತೆ.

ನಾನು ಪಟವನ್ನು ಬೆಳಕಿಗೆ ಹಿಡಿದೆ. ಭೂತಗನ್ನಡಿ ಇಟ್ಟು ಕಣ್ಣಿನೊಳಗೆ ನೋಡಿದೆ. ಎರಡೂ ಕಣ್ಣಿನಲ್ಲಿ ಒಂದೊಂದು ಬಿಳಿ ಚುಕ್ಕೆ ಇತ್ತು. ಕಿಟಕಿಯ ಬೆಳಕು ಬಿದ್ದದ್ದೂ ಆಗಬಹುದು, ನನ್ನಂಥವನೊಬ್ಬ ಕುಂಚದಲ್ಲಿ ಇಟ್ಟದ್ದೂ ಆಗಬಹುದು. ನನಗೆ ಹೇಳಲು ಆಗಲಿಲ್ಲ. ಇಪ್ಪತ್ತು ವರ್ಷ ಅದೇ ಕಸುಬು ಮಾಡಿದವನಿಗೆ ಹೇಳಲು ಆಗಲಿಲ್ಲ.

ದೇರಣ್ಣ ಬಾಗಿಲ ಹತ್ತಿರ ನಿಂತಲ್ಲಿಂದಲೇ, "ಎರಡು ವರ್ಷದಿಂದ ಇದೇ ಆಗಿದೆ ಮಾರಾಯ್ರೆ. ಅಕ್ಕನಿಗೆ ಬುದ್ಧಿ ಹೇಳಿ ಕಳಿಸಿ," ಎಂದ.

ಭಟ್ಟರು ಪಟ ತಿರುಗಿಸಿ ಹಿಂದಿನ ಮುದ್ರೆ ನೋಡಿದರು. ಕೊಲಂಬೊದ್ದೇ ಸ್ಟುಡಿಯೋ, ತಮ್ಮ ಹೋಟೆಲಿನಿಂದ ದೂರವಲ್ಲ ಎಂದರು. ಕಲ್ಯಾಣಿಯಕ್ಕ ಆಗ ನನ್ನ ಕಡೆಗೆ ತಿರುಗಿದರು.

"ಇದ್ದರೆ ಒಂದು ಪಟ ತನ್ನಿ. ನೋಡಿದವರೆಲ್ಲ, ಇವ ಇದ್ದಾನೆ ಅನ್ನಬೇಕು. ನಾನು ಹೇಳಿದರೆ ಸಾಲದು. ಇವ ಹೇಳಬೇಕು," ಎಂದು ತಮ್ಮನ ಕಡೆ ಗಲ್ಲ ತೋರಿಸಿದರು. "ಬೊಜ್ಜ ಮಾಡಿದವನೇ ಹೇಳದಿದ್ದರೆ ಮಗ ಬಂದರೂ ಅಂಗಳ ಹತ್ತುವುದು ಹೇಗೆ?"

ನಾನು ಸಮುದ್ರ ದಾಟಲು ಒಪ್ಪಿದ್ದು ಧಾರೆಗಾಗಿ ಅಲ್ಲ.

ಮಂಡಪಂ, ಧನುಷ್ಕೋಡಿ

ರೈಲಿನಲ್ಲಿ ಎಷ್ಟು ಊರು ದಾಟಿದೆವು ಎಂದು ಬರೆದು ನಿಮ್ಮನ್ನು ಬಳಲಿಸುವುದಿಲ್ಲ. ನಮ್ಮ ಕಡೆ ಕಣ್ಣು ಹಾಯಿಸಿದರೆ ಒಂದು ಗುಡ್ಡವಾದರೂ ಅಡ್ಡ ನಿಲ್ಲುತ್ತದೆ. ಅಲ್ಲಿ ಏನೂ ನಿಲ್ಲುವುದಿಲ್ಲ. ಮರಳು, ಮುಳ್ಳು, ಬಿಳಿ ಆಕಾಶ. ಗಾಳಿ ಮನೆಯ ಮಾಡು ಹಾರಿಸಿಕೊಂಡು ಹೋದ ಹಾಗೆ ಒಂದು ಊರು.

ಮಂಡಪಂನಲ್ಲಿ ಸಿಲೋನಿಗೆ ಹೋಗುವವರನ್ನೆಲ್ಲ ನಿಲ್ಲಿಸಿ ಕಣ್ಣು, ನಾಲಗೆ, ಪೆಟ್ಟಿಗೆ ನೋಡುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಮಾದರಿ ಪಟಗಳ ಒಂದು ಆಲ್ಬಮ್ ಇತ್ತು. ಭಟ್ಟರ ಬೀಗರಿಗೆ ತೋರಿಸಲೆಂದು ಒಯ್ದದ್ದು. ಅಧಿಕಾರಿ ಒಬ್ಬ ತಮಿಳರವನು, ಮೀಸೆ ದಪ್ಪ, ಮುಖ ಸೌಮ್ಯ. ಅವನು ಒಂದೊಂದೇ ಹಾಳೆ ತಿರುವಿ, ಇವರೆಲ್ಲ ನಿಮ್ಮ ಸಂಬಂಧಿಕರೇ ಎಂದು ಕೇಳಿದ. ಭಟ್ಟರಿಗೆ ಸುಳ್ಳು ಬರುವುದಿಲ್ಲ. ಇಲ್ಲ, ಇವರೆಲ್ಲ ಹೆಣಗಳು ಎಂದುಬಿಟ್ಟರು. ಅಧಿಕಾರಿ ಆಲ್ಬಮನ್ನು ಕೆಳಗಿಟ್ಟು, ಎದ್ದು ಹೋಗಿ, ಹೂಜಿಯ ನೀರು ಸುರಿದು ಕೈ ತೊಳೆದುಕೊಂಡ. ತಿರುಗಿ ಬಂದವನು ಪೆನ್ಸಿಲಿನ ತುದಿಯಿಂದಲೇ ಹಾಳೆ ತಿರುವಿದ.

ಕಡೆಯಲ್ಲಿ ನನ್ನ ಸ್ವಂತ ಭಾವನ ಪಟ ಇತ್ತು. ಭಾವ ಗಟ್ಟಿಮುಟ್ಟಾಗಿ ಬಂಟ್ವಾಳದಲ್ಲಿ ಜವಳಿ ಅಂಗಡಿ ನಡೆಸುತ್ತಿದ್ದರು. ಇವರು ಬದುಕಿದ್ದಾರೆ ಎಂದು ನಾನು ಕೈಸನ್ನೆಯಲ್ಲಿ ಹೇಳಿದೆ. ಅವನು ನನ್ನನ್ನು ನೋಡಿದ, ಪಟ ನೋಡಿದ, ಇಲ್ಲವೆಂದು ತಲೆಯಾಡಿಸಿದ. ಭಟ್ಟರು ಬಿದ್ದು ಬಿದ್ದು ನಕ್ಕರು. ನನಗೂ ಮೊದಲು ನಗು ಬಂತು. ಹಡಗು ಹತ್ತಿದ ಮೇಲೆ ಬರಲಿಲ್ಲ.

ಹಡಗಿನ ಹೊತ್ತು ಕಡಿಮೆ, ಹೊಟ್ಟೆಯ ಸಂಕಟ ಹೆಚ್ಚು. ಕಂಬಿ ಹಿಡಿದು ಕಕ್ಕುತ್ತಾ ನಾನು ಯೋಚಿಸಿದ್ದು ಒಂದೇ. ಯಾರು ಬಂದರೂ ನಾನು ಅದೇ ಕುರ್ಚಿ ಎಳೆದು ಕೊಡುತ್ತೇನೆ, ಉಸಿರು ಬಿಗಿಹಿಡಿಯಿರಿ ಅನ್ನುತ್ತೇನೆ. ಬದುಕಿದ್ದವರನ್ನು ಹೆಣದ ಹಾಗೆ ಕೂರಿಸುವುದು, ಹೆಣವನ್ನು ಬದುಕಿದ್ದವರ ಹಾಗೆ. ಮುಂಡಾಜೆಯವರಿಗೆ ಪಟ ಓದುವುದನ್ನು ಕಲಿಸಿದವನು ನಾನೇ ಅಲ್ಲವೇ? ಅವರು ಕಲಿತ ಹಾಗೆ ಓದಿದರು.

ಕೊಲಂಬೊ

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಬೆಳಿಗ್ಗೆ ಬೀದಿಗಿಳಿದರೆ ಹೆಂಗಸರು, ಗಂಡಸರು, ಮಕ್ಕಳು ಎಲ್ಲ ಬಿಳಿ ಉಟ್ಟು ಕೈಯಲ್ಲಿ ಹೂವು ಹಿಡಿದು ಸಾಲಾಗಿ ಹೋಗುತ್ತಿದ್ದರು. ಯಾರೋ ದೊಡ್ಡ ಮನುಷ್ಯರು ತೀರಿಕೊಂಡರೆಂದು ನಾನು ಚಪ್ಪಲಿ ಕಳಚಿ ಬದಿಗೆ ನಿಂತೆ. ಅಭ್ಯಾಸಬಲ, ಕ್ಯಾಮರಾವನ್ನೂ ಸಿದ್ಧ ಮಾಡಿಕೊಂಡೆ. ಅದು ಹುಣ್ಣಿಮೆಯ ಪೂಜೆಗೆ ಬುದ್ಧನ ಗುಡಿಗೆ ಹೋಗುವ ಜನ. ಒಬ್ಬಳು ಅಜ್ಜಿ ನನ್ನ ಸಪ್ಪೆ ಮುಖ ನೋಡಿ, ನನಗೇ ಏನೋ ದುಃಖ ಇರಬೇಕೆಂದು ಒಂದು ತಾವರೆ ಮೊಗ್ಗು ಕೈಗೆ ಕೊಟ್ಟು ಹೋದಳು. ನಮ್ಮ ಕಡೆ ಗುರುತಿಲ್ಲದವನು ದಾರಿಯಲ್ಲಿ ಸಪ್ಪೆ ಮುಖ ಹಾಕಿ ನಿಂತರೆ ಮೊದಲು ಯಾವ ಊರು, ಯಾರ ಪೈಕಿ ಎಂದು ಕೇಳುತ್ತಾರೆ. ಇಲ್ಲಿ ಕೇಳದೆ ಕೊಟ್ಟರು.

ಮದುವೆ ಚೆನ್ನಾಗಿ ನಡೆಯಿತು. ಧಾರೆಯ ನೀರು ಬೀಳುವಾಗ ಗುಂಡಿ ಒತ್ತಿದೆ. ಅದರ ಬಗ್ಗೆ ಹೇಳಲು ಬೇರೇನೂ ಇಲ್ಲ.

ಮರುದಿನ ಪಟದ ಹಿಂದಿನ ಮುದ್ರೆ ಹಿಡಿದು ಆ ಸ್ಟುಡಿಯೋಗೆ ಹೋದೆವು. ಒಳಗೆ ಗೋಡೆಯ ಮೊಳೆಗೆ ಪಟದಲ್ಲಿದ್ದ ಅದೇ ಕೋಟು ತೂಗುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ಅದೊಂದೇ ಕೋಟು. ಬೆನ್ನಿನಲ್ಲಿ ಸೀಳಿ ದಾರ ಕಟ್ಟಿದ್ದರು, ದಪ್ಪದವನಿಗೂ ಸಪೂರದವನಿಗೂ ಆಗಲೆಂದು. ಮುದುಕ ಮಾಲೀಕ ಪಟ ನೋಡಿ ತಕ್ಷಣ ನೆನಪು ಮಾಡಿಕೊಂಡ. ಆ ಹುಡುಗನಿಗೆ ಬರೆಯಲು ಬಾರದು, ಊರಿನ ವಿಳಾಸ ಬಾಯಲ್ಲಿ ಹೇಳಿದ, ನಾನೇ ಬರೆದು ಅಂಚೆಗೆ ಹಾಕಿದೆ ಎಂದ. ಬದುಕಿದ್ದಾನೆಯೇ ಎಂದು ಭಟ್ಟರು ಕೇಳಿದ್ದಕ್ಕೆ ಅವನಿಗೆ ಸ್ವಲ್ಪ ಸಿಟ್ಟೇ ಬಂತು. ತಾನು ಹೆಣದ ಪಟ ತೆಗೆಯುವವನಲ್ಲವಂತೆ.

ನಾರಿನ ಗೋದಾಮು

ಶೇಷಪ್ಪ ಸಿಕ್ಕಿದ್ದು ಬಂದರಿನ ಹತ್ತಿರದ ತೆಂಗಿನ ನಾರಿನ ಗೋದಾಮಿನಲ್ಲಿ. ಒಳಗೆ ಕಂದು ಧೂಳು ಮಂಜಿನ ಹಾಗೆ ನಿಂತಿತ್ತು. ಜನ ಮೂಗಿಗೆ ಬಟ್ಟೆ ಕಟ್ಟಿ ನಾರಿನ ಮೂಟೆ ತುಳಿಯುತ್ತಿದ್ದರು. ನಾನು ತುಳುವಿನಲ್ಲಿ ಹೆಸರು ಕೂಗಿದೆ. ಎತ್ತರದ ಮೂಟೆಯ ಮೇಲಿದ್ದ ಒಬ್ಬ ತಟ್ಟನೆ ನಿಂತ. ಹದಿನಾಲ್ಕು ವರ್ಷದ ಮೇಲೆ ತನ್ನ ಹೆಸರನ್ನು ಸರಿಯಾಗಿ ಕೇಳಿದವನ ನಿಲುವು ಅದು. ಇಳಿದು ಬಂದು ಬಟ್ಟೆ ಬಿಚ್ಚಿದ. ಕೂಡಲೇ ಕೆಮ್ಮು ಹಿಡಿಯಿತು. ಅದು ನಿಲ್ಲುವ ತನಕ ನಾವು ಕಾದೆವು.

ಹೊರಗೆ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಬೊಜ್ಜದ ಸುದ್ದಿ ಬಂದಾಗ ನಕ್ಕುಬಿಟ್ಟ.

"ನನ್ನ ಬೊಜ್ಜವಾ? ಗಡದ್ದು ಊಟವಾ ಅಣ್ಣ? ಮಾವ ಪಾಯಸ ಮಾಡಿಸಿದ್ರಾ, ಇಲ್ಲ ಅದರಲ್ಲಿಯೂ ಜಿಪುಣತನವಾ?"

ಭಟ್ಟರೂ ನಕ್ಕರು. ಆಮೇಲೆ ಅವನು ಕೈಯ ನಾರನ್ನು ಒಂದೊಂದೇ ಎಳೆ ಕಿತ್ತು ಹಾಕಿದ.

"ಅಮ್ಮ ಉಂಡರಾ?" ಎಂದು ಕೇಳಿದ.

ಇಲ್ಲ ಎಂದೆ.

ಅವನು ಬಂದದ್ದು ಕಾಗದಪತ್ರ ಯಾರೂ ಕೇಳದ ಕಾಲದಲ್ಲಿ. ಈಗ ಒಮ್ಮೆ ದ್ವೀಪ ಬಿಟ್ಟರೆ ತಿರುಗಿ ಒಳಗೆ ಬಿಡುವುದಿಲ್ಲ. ಊರಿಗೆ ಬಂದರೆ ಅಲ್ಲಿ ಸತ್ತವನು. ಎರಡು ಕಡೆಯೂ ಬಾಗಿಲು ಹಾಕಿದ ಹಾಗೆ. ಪಟ ತೆಗೆಯಿರಿ ಅಣ್ಣ, ಮಾವ ಒಪ್ಪಿದರೆ ಆಮೇಲೆ ನೋಡುವ ಎಂದ. ಕೆಮ್ಮಿನ ವಿಷಯ ಮಾತ್ರ ಅಮ್ಮನಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ.

ಕಡಲ ಬದಿ

ದ್ವೀಪದಲ್ಲಿ ಉಳಿಯಲು ನನಗಿದ್ದ ಪರವಾನಗಿ ಮುಗಿಯಲು ಐದು ದಿನ ಇತ್ತು. ನಾಲ್ಕು ದಿನ ಹಾಳು ಮಾಡಿದೆ.

ಶೇಷಪ್ಪನನ್ನು ಕುರ್ಚಿಯಲ್ಲಿ ಕೂರಿಸುವ ಪ್ರಶ್ನೆಯೇ ಇರಲಿಲ್ಲ. ಕಡಲಿನ ಮುಂದೆ ನಿಲ್ಲಿಸಿದೆ. ದಡಕ್ಕೆ ನೆಟ್ಟ ಗೂಟದ ಹಾಗೆ ನಿಂತ. ನಗು ಎಂದೆ, ಹಲ್ಲು ತೋರಿಸಿ ಉಸಿರು ಬಿಗಿಹಿಡಿದ. ಸಂಜೆ ಭಟ್ಟರ ಉಗ್ರಾಣದ ಕತ್ತಲೆಯಲ್ಲಿ ತೊಳೆದು ನೋಡಿದರೆ ಎಲ್ಲದರಲ್ಲಿಯೂ ನನ್ನ ಹಳೆಯ ಗಿರಾಕಿಗಳೇ. ಊಟ ಮಾಡುವಾಗ ತೆಗೆಯೋಣವೆಂದರೆ ಶೇಷಪ್ಪನೇ ಬೇಡವೆಂದ. ಬೊಜ್ಜದಲ್ಲಿ ಸತ್ತವನಿಗೂ ಎಲೆ ಹಾಕಿ ಬಡಿಸುತ್ತಾರಲ್ಲ ಅಣ್ಣ, ಉಣ್ಣುವುದು ಸಾಕ್ಷಿ ಹೇಗಾಗುತ್ತದೆ ಎಂದ. ಭಟ್ಟರು ಆ ದಿನದ ಪೇಪರು ಹಿಡಿಸಿ ಎಂದರು. ಮುಂಡಾಜೆಯ ಆ ಮನೆಯಲ್ಲಿ ಓದುವವರು ಯಾರಿದ್ದಾರೆ?

ಬೀದಿಯಲ್ಲಿ ಮಕ್ಕಳು ಗಾಳಿಪಟ ಬಿಡುವುದನ್ನು, ಬೆಸ್ತರು ಬಲೆ ಕೊಡಹುವುದನ್ನು ನೋಡುತ್ತಾ ತಿರುಗಿದೆ. ಬೆಸ್ತರ ಪಟ ತೆಗೆಯುವ ಒಬ್ಬ ಸಿಂಹಳದವನನ್ನೂ ಕಂಡೆ. ಅವನು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಒದ್ದೆ ಮರಳಿನಲ್ಲಿ ಅಂಗಾತ ಮಲಗಿ ಬಲೆಯನ್ನು ಕೆಳಗಿನಿಂದ ನೋಡುತ್ತಿದ್ದ. ನಮ್ಮಲ್ಲಿ ಒಬ್ಬ ಮರ್ಯಾದಸ್ಥ ಹಾಗೆ ಪೇಟೆಯ ನಡುವೆ ಮಲಗಿದರೆ ನೀರು ಹೊಯ್ದು ಎಬ್ಬಿಸುತ್ತಾರೆ. ನಾನು ಬಹಳ ಹೊತ್ತು ಅವನ ಹಿಂದೆ ನಿಂತೆ. ಕ್ಯಾಮರಾ ನೆಲದ ಮೇಲೆ ಇರಬಹುದು ಎನ್ನುವುದೇ ನನಗೆ ಅದುವರೆಗೆ ಹೊಳೆದಿರಲಿಲ್ಲ.

ಐದನೆಯ ದಿನ ಶೇಷಪ್ಪನನ್ನು ಕೇಳಿದೆ: ಊರಿನಲ್ಲಿ ನಿನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಯಾವುದು?

"ಮರ ಹತ್ತುವುದು," ಎಂದ. "ಮಾವನೇ ಕಲಿಸಿದ್ದು. ಬೈದು ಬೈದು ಕಲಿಸಿದ್ದು."

ಗೋದಾಮಿನ ನಾರಿನಿಂದಲೇ ಹಗ್ಗ ಹೊಸೆದು, ಮರ ಹತ್ತುವಾಗ ಕಾಲಿಗೆ ಸಿಕ್ಕಿಸುವ ಬಳೆ ಮಾಡಿಕೊಂಡ. ಕಡಲ ಬದಿಯಲ್ಲಿ ಬಾಗಿದ ಒಂದು ತೆಂಗಿನ ಮರ ಸಿಕ್ಕಿತು. ಅಂಗಿ ತೆಗೆದು ಹತ್ತಿದ. ನಾನು ಬುಡದಲ್ಲಿ ಮರಳಿನ ಮೇಲೆ ಅಂಗಾತ ಬಿದ್ದುಕೊಂಡೆ. ಭಟ್ಟರು ಯಾರೂ ಗುರುತಿನವರು ಬಾರದಿರಲಿ ಎಂದು ಸುತ್ತ ನೋಡುತ್ತಾ ನಿಂತರು. ಮರದ ಒಡತಿ, ಒಬ್ಬಳು ಮುದುಕಿ, ಕಾಯಿ ಕದಿಯುವವರೆಂದು ಕೂಗುತ್ತಾ ಕೋಲು ಹಿಡಿದು ಓಡಿ ಬಂದಳು. ಬಂದವಳು ಮೇಲೆ ನೋಡಿ ಕೋಲು ಕೆಳಗೆ ಹಾಕಿದಳು. ಅರ್ಧ ಮರದಲ್ಲಿ ಅವನಿಗೆ ಕೆಮ್ಮು ಬಂದಿತ್ತು. ಮರವನ್ನು ಅಪ್ಪಿ ಹಿಡಿದು ನಿಂತಿದ್ದ. ಮುದುಕಿ ಅವಳ ಭಾಷೆಯಲ್ಲಿ ಇಳಿ ಇಳಿ ಎಂದು ಕೂಗಿರಬೇಕು. ಅವನು ಆ ಧ್ವನಿಗೆ ತಲೆ ಬಗ್ಗಿಸಿ ಕೆಳಗೆ ನೋಡಿದ. ಆಗ ಗುಂಡಿ ಒತ್ತಿದೆ.

ಸಂಜೆ ತೊಳೆದ ಪಟದಲ್ಲಿ ಮೊದಲು ಕಾಣುವುದು ಎರಡು ದೊಡ್ಡ ಅಂಗಾಲು. ಅವುಗಳ ಮೇಲೆ ಬೆನ್ನು, ಬೆನ್ನಿನ ಮೇಲೆ ತಿರುಗಿದ ಮುಖ, ಬಾಯಿ ಅರ್ಧ ತೆರೆದದ್ದು. ನನ್ನ ಕಸುಬಿನವರು ಯಾರು ನೋಡಿದರೂ ಹರಿದು ಹಾಕಿ ಎನ್ನುವಂಥ ಪಟ. ಆದರೆ ಕುರ್ಚಿಗೆ ಕಟ್ಟಿ ಕೂರಿಸಿದ ಯಾರೂ ಆ ಎತ್ತರದಲ್ಲಿ ಕಾಲ್ಬೆರಳು ಮಡಚಿ ನಿಲ್ಲುವುದಿಲ್ಲ. ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಅಷ್ಟು ಚೆನ್ನಾಗಿ ನಿದ್ದೆ ಮಾಡಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಮುಂಡಾಜೆ

ಊರಿಗೆ ಬಂದ ಮೂರನೆಯ ದಿನ ಚಾರ್ಮಾಡಿಯ ಬಸ್ಸು ಹತ್ತಿದೆ. ಜಗಲಿಯಲ್ಲಿ ಅಕ್ಕ ತಮ್ಮ ಇಬ್ಬರೂ ಇದ್ದರು. ಬೆಲ್ಲ ನೀರು ಕೊಟ್ಟರು. ನಾನು ಪಟವನ್ನು ಕಲ್ಯಾಣಿಯಕ್ಕನ ಕೈಗೆ ಕೊಡಲು ಹೋದೆ. ಅವರು ತಮ್ಮನ ಕಡೆಗೆ ತೋರಿಸಿದರು.

ದೇರಣ್ಣ ಅದನ್ನು ಎರಡು ಕೈಯಲ್ಲಿ ಹಿಡಿದು ಅಂಗಳದ ಬೆಳಕಿಗೆ ಹೋದ. ಮೊದಲು ತಲೆಕೆಳಗಾಗಿ ಹಿಡಿದಿದ್ದ. ಆಮೇಲೆ ಸರಿ ಮಾಡಿಕೊಂಡ. ಹೆಬ್ಬೆರಳಿನಿಂದ ಕಾಲಿನ ಹಗ್ಗವನ್ನು ಮುಟ್ಟಿ ನೋಡಿದ. ಗಂಟು ಹಾಕಿದ ರೀತಿ ಅವನೇ ಕಲಿಸಿದ್ದು. ನಮಗೆ ಬೆನ್ನು ಮಾಡಿ ನಿಂತಲ್ಲಿಂದಲೇ ಹೇಳಿದ.

"ಇದ್ದಾನೆ."

ಬಂದು ಪಟವನ್ನು ಅಕ್ಕನ ಮಡಿಲಲ್ಲಿ ಇಟ್ಟು ಕಂಬಕ್ಕೆ ಒರಗಿ ಕೂತ. ನಾನು ಗೆದ್ದೆ ಎಂದುಕೊಂಡೆ. ಕಲ್ಯಾಣಿಯಕ್ಕ ಮಗನ ಮುಖದ ಹತ್ತಿರ ಬೆರಳು ಒಯ್ದರು, ಮುಟ್ಟಲಿಲ್ಲ. ಅವರ ಬೆರಳು ಕೆಳಗೆ ಬಂದು ಎದೆ ಮರಕ್ಕೆ ತಾಗಿದಲ್ಲಿ ನಿಂತಿತು.

"ಇವನಿಗೆ ಎಂತ ಕಾಯಿಲೆ?" ಎಂದು ಕೇಳಿದರು.

ಏನೂ ಇಲ್ಲ, ಗಟ್ಟಿ ಇದ್ದಾನೆ, ನೋಡಿ ಮರ ಹತ್ತಿದ್ದಾನಲ್ಲ ಎಂದೆ.

"ಮರ ಹತ್ತುವವನು ಎದೆಯನ್ನು ಮರಕ್ಕೆ ಕೊಡುವುದಿಲ್ಲ ಅಣ್ಣಾ. ಕೈಯಲ್ಲಿ, ಕಾಲಿನಲ್ಲಿ ನಿಲ್ಲುತ್ತಾನೆ. ಇವ ಒರಗಿದ್ದಾನೆ."

ದೇರಣ್ಣ ಮುಖ ಎತ್ತಲಿಲ್ಲ. ಅವನಿಗೂ ಅಂಗಳದಲ್ಲೇ ಕಂಡಿತ್ತು ಎಂದು ಆಗ ಗೊತ್ತಾಯಿತು. ನಾನು ಕೊಟ್ಟ ಮಾತು ಅಲ್ಲಿಗೆ ಮುರಿಯಿತು. ಕೆಮ್ಮು, ಧೂಳು, ಗೋದಾಮು, ಎಲ್ಲ ಹೇಳಿದೆ. ಬಾಡಿಗೆಯ ಕೋಟು ಹಾಕಿ ಕುರ್ಚಿಯಲ್ಲಿ ಕೂತಿದ್ದರೆ ಅವನ ಎದೆ ಯಾರಿಗೂ ಕಾಣುತ್ತಿರಲಿಲ್ಲ. ಬದುಕಿದ್ದಾನೆಂದು ತೋರಿಸಲು ನಾನು ಹುಡುಕಿದ ದಾರಿಯೇ ಉಳಿದದ್ದನ್ನೂ ತೋರಿಸಿಕೊಟ್ಟಿತು. ಕಲ್ಯಾಣಿಯಕ್ಕ ಅಳಲಿಲ್ಲ. ತಮ್ಮನಿಗೆ ಹೇಳಿದರು:

"ಕರೆಸು. ಬೊಜ್ಜ ಮಾಡಿದ್ದು ನೀನು. ದಾರಿ ಕೇಳಿಕೊಂಡು ಬರುವವನೂ ನೀನೇ."

ದೇರಣ್ಣ ಆ ವಾರವೇ ಧರ್ಮಸ್ಥಳಕ್ಕೆ ಹೋಗಿ ತಿಳಿದವರನ್ನು ಕೇಳಿದ. ಉತ್ತರಕ್ರಿಯೆ ಆದವನು ತಿರುಗಿ ಬಂದರೆ ಅವನು ಹೊಸದಾಗಿ ಹುಟ್ಟಿದ ಹಾಗೆ. ತಲೆಗೆ ನೀರು ಹೊಯ್ದು, ತೊಟ್ಟಿಲ ಶಾಸ್ತ್ರ ಮಾಡಿ, ಹೆಸರಿಟ್ಟು ಒಳಗೆ ಕರೆಯಬೇಕು ಎಂದರಂತೆ. ಭಟ್ಟರಿಗೆ ಕಾಗದ ಬರೆದದ್ದು ನಾನು. ಭಟ್ಟರೇ ಅವನನ್ನು ಹಡಗು ಹತ್ತಿಸಿದರು.

ಶೇಷಪ್ಪ ಬಂದದ್ದು ಮಳೆ ಹಿಡಿಯುವ ಮೊದಲು. ಮಾವ ಅಂಗಳದಲ್ಲಿ ಅವನ ತಲೆಗೆ ನೀರು ಹೊಯ್ದ. ಬೇರೆ ಹೆಸರು ಇಡಬಹುದು ಎಂದು ಯಾರೋ ಹೇಳಿದರು. ತಾಯಿ ಹಳೆಯ ಹೆಸರನ್ನೇ ಕಿವಿಯಲ್ಲಿ ಹೇಳಿದರು. ಪೇಟೆಯ ಡಾಕ್ಟರು ಔಷಧಿ ಕೊಟ್ಟರು. ಎದೆ ಬಹಳ ಹಾಳಾಗಿತ್ತು. ಮಳೆಗಾಲ ಕಳೆದು, ಎರಡನೆಯ ಕೊಯ್ಲಿನ ತನಕ ಇದ್ದ. ಒಂದು ದಿನ ಬೆಳಿಗ್ಗೆ ಗಂಜಿ ಉಣ್ಣುತ್ತಾ ಇದ್ದಾಗ ತೀರಿಕೊಂಡ. ಕಲ್ಯಾಣಿಯಕ್ಕ ಪಕ್ಕದಲ್ಲಿ ಕೂತಿದ್ದರು.